ಗುಂಯ್ ಇಲ್ಲದ ತೋಡಿ

ನನಗೊಂದು ಚಟವಿದೆ. ಮನೆಯಲ್ಲಿ ಅದನ್ನು ಹವ್ಯಾಸ ಎನ್ನುವುದಿಲ್ಲ, ಕರ್ಮ ಎನ್ನುತ್ತಾರೆ. ಸಂಗೀತ ಕಚೇರಿಗಳನ್ನು ರೆಕಾರ್ಡ್ ಮಾಡಲು ನಾನೇ ಡಬ್ಬಿಗಳನ್ನು ಕಟ್ಟುತ್ತೇನೆ. ಮೈಕಿನ ದನಿಯನ್ನು ಎರಡು ಪಾಲು ಮಾಡಿ, ಒಂದನ್ನು ಸಭಾಂಗಣದ ಸ್ಪೀಕರಿಗೂ ಇನ್ನೊಂದನ್ನು ನನ್ನ ಲ್ಯಾಪ್‌ಟಾಪಿಗೂ ಕಳಿಸುವ ಡಬ್ಬಿ, ಹೆಸರು ಸ್ಪ್ಲಿಟರ್. ಅಣ್ಣತಮ್ಮಂದಿರ ಪಾಲಿನ ಹಾಗೆ ಇಲ್ಲಿಯೂ ಜಗಳವೆಲ್ಲ ನೆಲದ್ದೇ, ಅಂದರೆ ಅರ್ತಿಂಗಿನದು.

ಸಭಾಂಗಣದ ಮೈಕುಗಳೆಲ್ಲ ಬಂದು ಸೇರುವ ಮಿಕ್ಸರಿಗೆ ಒಂದು ಪ್ಲಗ್ಗಿನಿಂದ ಅರ್ತಿಂಗ್, ಚಾರ್ಜರಿಲ್ಲದೆ ಬದುಕದ ನನ್ನ ಮುದಿ ಲ್ಯಾಪ್‌ಟಾಪಿಗೆ ಇನ್ನೊಂದು ಪ್ಲಗ್ಗಿನಿಂದ. ನಡುವೆ ಡಬ್ಬಿಯೂ ಅವೆರಡನ್ನು ತಂತಿಯಿಂದ ಕಟ್ಟಿಹಾಕಿದರೆ ಅಲ್ಲೊಂದು ರಿಂಗ್ ರೋಡು ತಯಾರಾಗುತ್ತದೆ. ಕರೆಂಟಿನ ಪುಂಡರು ಅದರಲ್ಲಿ ಗುಂಯ್ ಎಂದು ಸುತ್ತತೊಡಗುತ್ತಾರೆ. ಅದಕ್ಕೇ ಡಬ್ಬಿಯೊಳಗೆ, ತಂತಿಗೆ ತಂತಿ ತಾಗಿಸದೆ ದನಿಯನ್ನಷ್ಟೇ ದಾಟಿಸುವ ಪುಟ್ಟ ಟ್ರಾನ್ಸ್‌ಫಾರ್ಮರ್ ಇಟ್ಟು, ನನ್ನ ಕಡೆಯ ಅರ್ತಿಂಗನ್ನು ಮಾತ್ರ ಬಿಡಿಸುವ ಸ್ವಿಚ್ಚು ಹಾಕಬೇಕು. ಹಾಕಿದ್ದೆ.

ಅರ್ತಿಂಗಿನ ಮೇಲಿನ ಭಕ್ತಿ ನನಗೆ ವಂಶಪಾರಂಪರ್ಯವಾಗಿ ಬಂದದ್ದು. ಹನುಮಂತನಗರದ ಮನೆಯಲ್ಲಿ ನಮ್ಮ ತಂದೆ ಬೇಸಿಗೆಯಲ್ಲಿ ತುಳಸಿಗೆ ಒಂದು ಚೊಂಬು ನೀರು ಹಾಕಿದರೆ, ಉಪ್ಪು ಇದ್ದಿಲು ತುಂಬಿದ ಅರ್ತಿಂಗ್ ಗುಂಡಿಗೆ ಒಂದು ಬಕೆಟ್ ಹೊಯ್ಯುತ್ತಿದ್ದರು. ಅವರ ಇಷ್ಟದೈವ ಯಾವುದೆಂದು ಅಕ್ಕಪಕ್ಕದವರಿಗೆಲ್ಲ ಗೊತ್ತಿತ್ತು.

ಕಳೆದ ವರ್ಷ ಜಯನಗರದಲ್ಲಿ ನನ್ನ ಹೆಂಡತಿ ವಸುಧಾಳ ವೀಣಾ ಕಚೇರಿ. ಮೊಣಕಾಲು ನೋವಿನಿಂದ ಮೆಟ್ಟಿಲಿಳಿಯಲಾರದ ಅವಳ ಗುರುಗಳು, "ರೆಕಾರ್ಡಿಂಗ್ ತಂದು ಕೇಳಿಸಮ್ಮ" ಎಂದಿದ್ದರು. ಹಾಗಾಗಿ ಅಂದು ನನ್ನ ಚಟಕ್ಕೆ ಸಂಸಾರದ ಜವಾಬ್ದಾರಿಯೂ ಅಂಟಿಕೊಂಡಿತು. ಡಬ್ಬಿ ಸಿಕ್ಕಿಸಿದ್ದೇ ತಡ, ಸ್ಪೀಕರಿನಿಂದ ಗುಂಯ್! ಸ್ವಿಚ್ಚು ಒತ್ತಿದರೂ ಗುಂಯ್. ಮುಂದಿನ ಸಾಲಿನ ಹಿರಿಯರೊಬ್ಬರು ಅದನ್ನೇ ತಂಬೂರಿಯೆಂದುಕೊಂಡು ಕಣ್ಮುಚ್ಚಿ ತಲೆದೂಗುತ್ತಿದ್ದರು.

ಮೈಕಿನ ಮಂಜು ಕಟಿಂಗ್ ಪ್ಲೇಯರ್ ಹಿಡಿದು ಬಂದ. "ಸಾರ್, ಮಿಕ್ಸರ್ ಪ್ಲಗ್ಗಿಂದು ಮೂರನೇ ಪಿನ್ ಕಿತ್ತಾಕ್ಬಿಡ್ತೀನಿ. ಎಲ್ಲಾ ಕಡೆ ಹಂಗೇ ಮಾಡೋದು."

"ಬೇಡ ಗುರು! ಮಿಕ್ಸರ್ ಒಳಗೆ ಶಾರ್ಟ್ ಆದ್ರೆ ಕರೆಂಟ್ ಎಲ್ಲಿಗೆ ಹೋಗ್ಬೇಕು? ವೀಣೆ ತಂತಿಗಾ, ನಮ್ಮನೆಯವಳ ಕೈಗಾ?"

"ರೀ, ಶುರು ಮಾಡ್ಲಾ ಬೇಡ್ವಾ?" ವೇದಿಕೆಯಿಂದ ವಸುಧಾ ಕೇಳಿದಳು.

ಡಬ್ಬಿ ಬಿಚ್ಚಿದೆ. ಅಚ್ಚುಕಟ್ಟಾಗಿ ಕಾಣಲೆಂದು ಎರಡೂ ಸಾಕೆಟ್ಟುಗಳ ಅರ್ತಿಂಗ್ ತಂತಿಯನ್ನು ಲೋಹದ ಡಬ್ಬಿಗೇ ಬೆಸೆದಿದ್ದ ಮಹಾಶಯ ನಾನೇ. ಸ್ವಿಚ್ಚು ಮುಂಬಾಗಿಲು ಮುಚ್ಚಿದರೇನು, ಡಬ್ಬಿಯ ಲೋಹದ ಮೈಯೆಂಬ ಹಿತ್ತಿಲ ಬಾಗಿಲು ಹಾರು ಹೊಡೆದಿತ್ತು. ಮಂಜುವಿನ ಪ್ಲೇಯರಿನಿಂದಲೇ ನನ್ನ ಕಡೆಯ ತಂತಿಯನ್ನು ಕತ್ತರಿಸಿದೆ. ಗುಂಯ್ ನಿಂತಿತು. ಹಿರಿಯರು ಕಣ್ಣು ಬಿಟ್ಟು, "ಯಾಕ್ರೀ ಶ್ರುತಿ ನಿಲ್ಲಿಸ್ಬಿಟ್ರಿ?" ಎಂದು ಗದರಿದರು.

ಇಡೀ ಕಚೇರಿ ಹೆಡ್‌ಫೋನ್ ಹಾಕಿಕೊಂಡು, ಅದು ಮತ್ತೆಲ್ಲಿ ಶುರುವಾಗುತ್ತದೋ ಎಂದು ಉಸಿರು ಬಿಗಿಹಿಡಿದು ಕೂತೆ. ಶುರುವಾಗಲಿಲ್ಲ. ಮನೆಗೆ ಬರುವಾಗ ಆಟೋದಲ್ಲಿ ವಸುಧಾ ಮೆಲ್ಲಗೆ ಕೇಳಿದಳು, "ಇವತ್ತಿನ ತೋಡಿ ರಾಗ ಹೇಗಿತ್ತು?"

"ಒಂಚೂರೂ ಗುಂಯ್ ಇರ್ಲಿಲ್ಲ ಕಣೇ!" ಎಂದೆ, ಹೆಮ್ಮೆಯಿಂದ.

ಮರುದಿನ ಗುರುಗಳು ಕೇಳಿ ಕಣ್ಣೊರೆಸಿಕೊಂಡರು. ಅವರ ಪಕ್ಕ ಕೂತು ನಾನೂ ಆ ತೋಡಿಯನ್ನು ಮೊದಲ ಸಲ ಕೇಳಿದೆ. ಅಬ್ಬಾ, ಏನು ನುಡಿಸಿದ್ದಾಳೆ! ಹೇಳೋಣವೆಂದು ತಿರುಗಿದರೆ, ಅವಳು ಆಟೋದಲ್ಲೇ ನನ್ನೊಡನೆ ಮಾತು ಬಿಟ್ಟಾಗಿತ್ತು. ಆ ವಾರ ನಮ್ಮ ಮನೆಯಲ್ಲಿದ್ದಂಥ ಶುದ್ಧ ನಿಶ್ಶಬ್ದವನ್ನು ಇದುವರೆಗೆ ಯಾವ ಟ್ರಾನ್ಸ್‌ಫಾರ್ಮರೂ ನನಗೆ ಕೊಟ್ಟಿಲ್ಲ.