ಕಥೆಯ ಕೊನೆ ಹೇಳುತ್ತಿದ್ದವನು

ಆಳಂದದ ಟೆಂಟ್ ಸಿನಿಮಾದ ಗೇಟ್‌ಕೀಪರನಿಗೆ ಯಾರಾದರೂ ಅಳುತ್ತಿದ್ದರೆ ಸುಮ್ಮನಿರಲು ಬರುತ್ತಿರಲಿಲ್ಲ. ಪರದೆಯ ಮೇಲೆ ತಾಯಿ ಸಾಯುವಾಗ ಬ್ಯಾಟರಿ ಹಿಡಿದು ಬಂದು, ಅಳುವವರ ಹೆಗಲು ತಟ್ಟಿ, "ಅಳಬ್ಯಾಡ್ರಿ, ಆಕಿ ಸತ್ತಿಲ್ಲ. ಕಡೀಕ ಎಲ್ಲಾ ಛಲೋ ಆಗ್ತದ್ರಿ" ಎನ್ನುತ್ತಿದ್ದ. ಜನ ಬೈದರೆ ಇನ್ನಷ್ಟು ನಗುತ್ತಿದ್ದ.

ನಮ್ಮ ಕಾಕಾ ಬೈಯಲಿಲ್ಲ. ಅವನೊಂದಿಗೆ ಮಾತೇ ಬಿಟ್ಟರು. ಅವರು ಸಿನಿಮಾಕ್ಕೆ ಹೋಗುತ್ತಿದ್ದುದೇ ಮನಸಾರೆ ಅಳಲು.

ದಸರೆಯ ಸಂಜೆ ಬನ್ನಿ ಎಲೆ ಕೊಟ್ಟವರಿಗೆ ತಿರುಗಿ ಕೊಟ್ಟರೆ ಹಳೆಯ ಸಿಟ್ಟು ಮುಗಿಯಿತೆಂದೇ ನಮ್ಮಲ್ಲಿ ಲೆಕ್ಕ. ಆ ವರ್ಷ ಗೇಟ್‌ಕೀಪರ ಬನ್ನಿ ಹಿಡಿದು ಬರುವುದನ್ನು ಕಂಡು ಕಾಕಾ ಬಾಗಿಲು ಹಾಕಿಕೊಂಡು ಊಟಕ್ಕೆ ಕೂತರು. ಅವನು ಮಾಳಿಗೆ ಹತ್ತಿದ. ಬೆಳಕಿಂಡಿಯಿಂದ ಬನ್ನಿ ಎಲೆಗಳು ಕಾಕಾನ ಹೋಳಿಗೆಯ ಮೇಲೆ ಉದುರಿದವು.

"ಬನ್ನಿ ತಗೊಂಡು ಬಂಗಾರದಂಗ ಇರೂಣ್ರಿ ಕಾಕಾ!"

ಕಾಕಾ ತುಪ್ಪ ಮೆತ್ತಿದ ಎಲೆಗಳನ್ನು ಬಾಚಿಕೊಂಡು ಅಂಗಳಕ್ಕೆ ಓಡಿದರು. ಅಷ್ಟರಲ್ಲಿ ಅವನೂ ಕೆಳಗಿಳಿದಿದ್ದ. "ನಿನ್ನ ಬನ್ನಿ ನೀನ ಇಟ್ಕೋ ಲೇ!" ಎಂದು ಅವನ ಮುಖಕ್ಕೇ ಎಸೆದರು.

ಅವನು ಎಲೆಗಳನ್ನು ಆರಿಸಿ ಕಣ್ಣಿಗೊತ್ತಿಕೊಂಡು, "ತಿರುಗಿ ಕೊಟ್ರಲ್ರಿ ಕಾಕಾ!" ಎಂದು ಅವರ ಕಾಲು ಮುಟ್ಟಿದ. "ನಾ ಹೇಳಿದ್ದಿಲ್ಲೇನ್ರಿ, ಕಡೀಕ..."

ಕಾಕಾ ಎರಡೂ ಕಿವಿ ಮುಚ್ಚಿಕೊಂಡರು.

"ಕಡೀದು ಹೇಳಬ್ಯಾಡ ಲೇ!"