ಸೌಡೇಶ್ವರಿಗೆ ಸಿಕ್ಕ ಸೀಟು

ಸೋಮನೂರಿನ ನಮ್ಮ ಬೀದಿಯಲ್ಲಿ ಸೆಲ್ಲಮ್ಮನನ್ನು ಹೆಸರು ಹಿಡಿದು ಕರೆಯುತ್ತಿದ್ದವರು ಇಬ್ಬರೇ. ಒಬ್ಬ ಅವಳ ಗಂಡ ಮೈಲ್‌ಸಾಮಿ, ಇನ್ನೊಬ್ಬಳು ಅತ್ತೆ ಕುಪ್ಪಮ್ಮ. ಉಳಿದವರಿಗೆಲ್ಲ ಅವಳು ಅಕ್ಕ. ಮೈದುನ ದಂಡಪಾಣಿಗೆ ಅಕ್ಕ, ಅವನ ಹೆಂಡತಿ ಸಾಂತಿಗೆ ಅಕ್ಕ, ಮನೆಯ ಹಿಂದಿನ ಶೆಡ್ಡಿನಲ್ಲಿ ಪವರ್‌ಲೂಮ್ ಓಡಿಸುವ ಆಳುಗಳಿಗೆ ಅಕ್ಕ, ಪಕ್ಕದ ಮನೆಯ ನನಗೂ ಅಕ್ಕ. ಇಷ್ಟು ಜನ ಕರೆಯುವುದನ್ನು ಕೇಳಿ ಕೇಳಿ ಅವಳ ಮಗಳು ಸೌಡೇಶ್ವರಿಯೂ ಅವಳನ್ನು ಅಕ್ಕ ಅಂತಲೇ ಕರೆಯಲು ಕಲಿತಳು. ಆ ಮಗುವಿಗೆ ಅಮ್ಮ ಅಂದರೆ ಅಜ್ಜಿ ಕುಪ್ಪಮ್ಮ, ಏಕೆಂದರೆ ಮನೆಯವರೆಲ್ಲ ಮುದುಕಿಯನ್ನು ಕರೆಯುತ್ತಿದ್ದದ್ದು ಹಾಗೆ. ನಮ್ಮ ದೇವಾಂಗರ ಮನೆಗಳಲ್ಲಿ ಇದೇನು ದೊಡ್ಡ ಸಂಗತಿಯಲ್ಲ. ನಾನೂ ಹೆತ್ತ ತಂದೆಯನ್ನು ಅಣ್ಣ ಅಂತ ಕರೆದೇ ಬೆಳೆದವಳು.

ಊರು ಕೊಯಮತ್ತೂರಿನ ಕಡೆಯದಾದರೂ ನಾವು ಮನೆಯಲ್ಲಿ ಆಡುವುದು ಕನ್ನಡ. ಓದಲು ಬರೆಯಲು ತಮಿಳು, ಅದೂ ಸ್ಕೂಲಿನ ಮೆಟ್ಟಿಲು ಹತ್ತಿದವರಿಗೆ ಮಾತ್ರ. ನಾನು ಕನ್ನಡದ ಅಕ್ಷರ ತಿದ್ದಿದ್ದು ಮದುವೆಯಾಗಿ ದೊಡ್ಡಬಳ್ಳಾಪುರಕ್ಕೆ ಬಂದ ಮೇಲೆ. ಸೆಲ್ಲಮ್ಮನ ಕತೆ ಅದಕ್ಕೂ ಮುಂಚಿನದು, ಎಂಬತ್ತಾರನೇ ಇಸವಿಯದು. ಅವಳೇ ನನ್ನೆದುರು ಕೂತು ಮಗ್ಗದ ಕಂಡಿಕೆಗೆ ನೂಲು ಸುತ್ತುತ್ತ ಹೇಳಿದ್ದು, ನಾನು ಕಣ್ಣಾರೆ ಕಂಡದ್ದು, ಎರಡೂ ಇದರಲ್ಲಿ ಸೇರಿವೆ. ಬರೆಯುವಾಗ ನನಗೆ ಸಿಟ್ಟು ಬರುತ್ತದೆ. ಯಾರ ಮೇಲೆ ಅಂತ ಕೇಳಿದರೆ ನೆಟ್ಟಗೆ ಹೇಳಲಾರೆ.

ಸೌಡೇಶ್ವರಿ ಮನೆಯಲ್ಲೇ ಹುಟ್ಟಿದ ಮಗು, ಹುಟ್ಟಿದ್ದಕ್ಕೆ ಕಾಗದಪತ್ರ ಏನೂ ಇರಲಿಲ್ಲ. ಅವಳು ಇನ್ನೂ ತೊದಲುತ್ತಿದ್ದಾಗ ಸೆಲ್ಲಮ್ಮ ಮತ್ತೆ ಬಸುರಾದಳು. ಹೆರಿಗೆ ಕಷ್ಟವಾಗಿ ಕೊಯಮತ್ತೂರಿನ ಒಂದು ಆಸ್ಪತ್ರೆಗೆ ಎತ್ತಿಕೊಂಡು ಹೋದರು. ಮಗು ಉಳಿಯಲಿಲ್ಲ. ಮಂಚದ ಆಚೆಗೊಬ್ಬರು ಈಚೆಗೊಬ್ಬರು ನಿಂತ ಡಾಕ್ಟರುಗಳು ತಮ್ಮತಮ್ಮಲ್ಲೇ ಇಂಗ್ಲಿಷಿನಲ್ಲಿ ಮಾತಾಡಿಕೊಂಡರು. ಕೊನೆಗೆ ಒಬ್ಬರು ಬಗ್ಗಿ ತಮಿಳಿನಲ್ಲಿ “ಸರಿಯಾಮ್ಮಾ?” ಅಂದರು. ಇವಳು “ಸರಿಂಗ” ಅಂದಳು. ಯಾವುದಕ್ಕೆ ಸರಿ ಅಂದೆ ಅನ್ನುವುದು ಅವಳಿಗೆ ತಿಳಿದದ್ದು ಹೊಲಿಗೆ ಬಿಚ್ಚುವ ದಿನ, ವಾರ್ಡಿನ ನೆಲ ಒರೆಸುವ ಹೆಂಗಸಿನ ಬಾಯಿಂದ. ಗರ್ಭಕೋಶವನ್ನೇ ತೆಗೆದಿದ್ದರು. ತೆಗೆಯದಿದ್ದರೆ ಜೀವ ಹೋಗುತ್ತಿತ್ತಂತೆ. ಇರಬಹುದು. ಅದನ್ನು ಅವಳಿಗೆ ತಿಳಿಯುವ ಮಾತಿನಲ್ಲಿ ಹೇಳಿದ್ದರೆ ಯಾರ ಗಂಟು ಹೋಗುತ್ತಿತ್ತೋ ನನಗೆ ಗೊತ್ತಿಲ್ಲ.

ಅಲ್ಲಿಂದ ಬಂದವಳೇ ಒಂದು ಹಟ ಹಿಡಿದಳು. “ನನ್ ಮಗು ಇಂಗ್ಲೀಸ್ ಕಲೀಬೇಕು. ಅವ್ಳನ್ನ ಮಲಗಿಸ್ಬಿಟ್ಟು ಅವ್ಳ ಮ್ಯಾಲೆ ಯಾರೂ ಹಂಗೆ ಮಾತಾಡ್ಬಾರ್ದು,” ಅನ್ನುತ್ತಿದ್ದಳು. ಇರುವುದು ಒಂದೇ ಮಗು, ಇನ್ನೊಂದು ಆಗುವ ಹಾಗಿಲ್ಲ. ಅವಳ ಪ್ರಾಣವೆಲ್ಲ ಅದರಲ್ಲೇ ಇತ್ತು.

ಮಗುವಿಗೆ ಐದಾಗುವ ಹೊತ್ತಿಗೆ ಮನೆಗೆ ಬರುತ್ತಿದ್ದ ಬಟ್ಟೆ ಏಜೆಂಟ್ ನಟರಾಜನ್ ಜಗಲಿಯ ಮೇಲೆ ಕೂತು ಬೋರ್ಡುಗಳ ವಿಷಯ ತಿಳಿಸಿಕೊಟ್ಟರು. ಊರಿನ ಸರ್ಕಾರಿ ಶಾಲೆಯದು ಸ್ಟೇಟ್ ಬೋರ್ಡು, ಪಾಠವೆಲ್ಲ ತಮಿಳಿನಲ್ಲಿ. ಸೆಂಟ್ರಲ್ ಬೋರ್ಡು ಅಂತ ಒಂದಿದೆ, ಅದು ಊರಿಂದೂರಿಗೆ ಟ್ರಾನ್ಸ್‌ಫರ್ ಆಗುವ ಮಿಲಿಟರಿಯವರ, ಆಫೀಸಿನವರ ಮಕ್ಕಳಿಗೆ. ನಮ್ಮಂಥವರು ಇಂಗ್ಲಿಷ್ ಬೇಕೆಂದರೆ ಹೋಗಬೇಕಾದದ್ದು ಮೆಟ್ರಿಕುಲೇಷನ್ ಬೋರ್ಡಿಗೆ. ಸೆಲ್ಲಮ್ಮ ತಲೆಯಾಡಿಸುತ್ತ ಕೇಳಿಸಿಕೊಂಡಳು. ಮಾರನೇ ವಾರ ಕೊಯಮತ್ತೂರಿಗೆ ಹೋಗಿ ಒಂದು ಸ್ಕೂಲನ್ನು ಹೊರಗಿನಿಂದ ನೋಡಿ ಬಂದು ನನಗೆ ಹೇಳಿದಳು: “ಬೋರ್ಡು ದೊಡ್ಡದಾಗೇ ಹಾಕವ್ರೆ ಕಣೆ, ನೀಲಿ ಬಣ್ಣದ್ದು.” ನಾನು ನಕ್ಕೆ. ಅವಳೂ ನಕ್ಕಳು, ಯಾಕೆಂದು ಗೊತ್ತಿಲ್ಲದೆ.

ಆ ನೀಲಿ ಬೋರ್ಡಿನ ಸ್ಕೂಲಿನಲ್ಲಿ ಮಗುವಿಗಿಂತ ಮೊದಲು ತಾಯಿತಂದೆಗೆ ಪರೀಕ್ಷೆ. ಸಾಂತಿ ಬಿ.ಎ. ಓದಿದವಳು, ಓರಗಿತ್ತಿಗೆ ವಾರಗಟ್ಟಲೆ ಇಂಗ್ಲಿಷ್ ಉತ್ತರ ಬಾಯಿಪಾಠ ಮಾಡಿಸಿದ್ದಳು. ಮೊದಲು ಹೆಸರು ಕೇಳುತ್ತಾರೆ, ಆಮೇಲೆ ಮಗುವಿನ ವಯಸ್ಸು, ಆಮೇಲೆ ನೀವೇನು ಮಾಡುತ್ತೀರಿ ಅಂತ. ಅಲ್ಲಿನ ಮೇಡಂ ಅದೇ ಪ್ರಶ್ನೆಗಳನ್ನೇ ಕೇಳಿದರು, ಆದರೆ ಹಿಂದುಮುಂದಾಗಿ. ನೀವೇನು ಮಾಡುತ್ತೀರಿ ಅಂದದ್ದಕ್ಕೆ ಸೆಲ್ಲಮ್ಮ ತನ್ನ ಹೆಸರು ಹೇಳಿದಳು. ಮಗುವಿಗೆಷ್ಟು ವಯಸ್ಸು ಅಂದದ್ದಕ್ಕೆ “ಹೌಸ್ ವೈಫ್” ಅಂದಳು. ಮೈಲ್‌ಸಾಮಿ ತಮಿಳಿನಲ್ಲಿ ಏನೋ ಹೇಳಹೊರಟ. ಮೇಡಂ ಕೈಯೆತ್ತಿ, ಹೊರಗೆ ಕೂತಿರಿ, ಹೇಳಿಕಳಿಸುತ್ತೇವೆ ಅಂದರು. ಸಂಜೆಯವರೆಗೂ ಕೂತಿದ್ದರು. ಯಾರೂ ಹೇಳಿಕಳಿಸಲಿಲ್ಲ.

ಇನ್ನೊಂದು ಸ್ಕೂಲಿನಲ್ಲೂ ಅದೇ ಆಯಿತು. ಉಳಿದದ್ದು ಒಂದೇ, ಕೊಯಮತ್ತೂರು ರಸ್ತೆಯಲ್ಲಿ ಹೊಸದಾಗಿ ಶುರುವಾದ ಮೆಟ್ರಿಕ್ ಸ್ಕೂಲು. ತಂದೆತಾಯಿ ಇಬ್ಬರೂ ಓದಿದವರಾಗಿದ್ದರೆ ಮಾತ್ರ ಫಾರಂ ಕೊಡುತ್ತೇವೆ ಅಂತ ಗೇಟಿನಲ್ಲೇ ಹೇಳಿದರು. ಸೆಲ್ಲಮ್ಮ ಊಟ ಬಿಟ್ಟಳು. ನೂಲು ಸುತ್ತಲು ಕೂತರೆ ದಾರ ತುಂಡಾದದ್ದೂ ಅವಳ ಕಣ್ಣಿಗೆ ಬೀಳದು.

ಮೈಲ್‌ಸಾಮಿ ಒಳ್ಳೆಯವನು, ಮೆತ್ತನೆಯ ಮನುಷ್ಯ. “ನಮ್ಮೂರ್ ಪಳ್ಳಿಕೂಡಕ್ಕೇ ಹೋಗ್ಲಿ ಬುಡು ಸೆಲ್ಲಾ. ನಾನೂ ಅಲ್ಲೇ ತಾನೆ ಓದಿದ್ದು?” ಅಂದ.

“ಓದಿ ಏನ್ ಮಾಡಿದ್ರಿ? ಅವತ್ತು ಆಸ್ಪತ್ರೇಲಿ ಬಾಗ್ಲಲ್ಲಿ ನಿಂತಿದ್ರಲ್ಲ, ಅವ್ರು ಏನ್ ಮಾತಾಡ್ಕೊಂಡ್ರು ಅಂತ ನಿಮ್ಗಾದ್ರೂ ತಿಳೀತಾ?”

ಅವನು ಎದ್ದು ಶೆಡ್ಡಿಗೆ ಹೋದ.

ಆ ದಿನವೇ ಅವಳು ಸಾಂತಿಯ ಮುಂದೆ ಬಂದು ನಿಂತದ್ದು. ನಾನು ಅಲ್ಲೇ ಹಿತ್ತಲಲ್ಲಿ ಅವರ ಕಲ್ಲಿನ ಮೇಲೆ ಬಟ್ಟೆ ಒಗೆಯುತ್ತಿದ್ದೆ.

“ಸಾಂತಿ, ನೀ ಅವ್ಳಿಗೆ ತಾಯಿ ಅಂತ ಬಾ,” ಅಂದಳು.

ಸಾಂತಿಗೆ ಅರ್ಥವಾಗಲಿಲ್ಲ. “ಎಲ್ಲಿಗಕ್ಕಾ?”

“ಆ ಪಳ್ಳಿಕೂಡಕ್ಕೆ. ನೀನೂ ದಂಡಪಾಣೀನೂ ಹೋಗ್ರಿ. ಇಬ್ರೂ ಓದಿದೋರು. ಮಗೂ ನಮ್ದೇ ಅಂತ ಯೋಳ್ರಿ.”

“ಅಯ್ಯೋ ಅಕ್ಕಾ, ಅದೆಂಗಾಯ್ತದೆ? ಅವ್ಳು ನಿನ್ನೇ ತಾಯಿ ಅಂತ ಅಂದ್ಬಿಟ್ರೆ?”

“ಅವ್ಳು ಯಾವತ್ತು ನನ್ನ ಅಮ್ಮ ಅಂದವ್ಳೆ? ಅಕ್ಕ ಅಂತ ತಾನೆ ಕೂಗೋದು. ಯಾರ್ಗೂ ತೆಳ್ಯಾಕಿಲ್ಲ.”

ಎಷ್ಟು ದಿನದಿಂದ ಅದನ್ನೇ ಎಣಿಸಿಕೊಂಡಿದ್ದಳೋ. ನಾವೆಲ್ಲ ತಮಾಷೆ ಅಂದುಕೊಂಡಿದ್ದ ಒಂದು ಕರೆ ಅವಳಿಗೆ ದಾರಿಯಾಗಿ ಕಂಡಿತ್ತು. ಸಾಂತಿ ಆಗುವುದಿಲ್ಲ ಅಂದಳು. ಹೊಟ್ಟೆಯಲ್ಲಿ ಹುಟ್ಟದ್ದನ್ನು ನನ್ನದು ಅಂತ ಹೇಗೆ ಹೇಳಲಿ, ದೃಷ್ಟಿ ತಾಗುತ್ತದೆ ಅಂದಳು. ಆಗ ಸೆಲ್ಲಮ್ಮ ತನಗಿಂತ ಚಿಕ್ಕವಳ ಕಾಲಿಗೆ ಬಗ್ಗಿದಳು. ಸಾಂತಿ ಹಾವು ತುಳಿದವಳಂತೆ ಹಿಂದಕ್ಕೆ ನೆಗೆದು, “ಏಳಕ್ಕಾ, ಏಳು, ಬತ್ತೀನಿ,” ಅಂತ ಅತ್ತಳು.

ಮೈಲ್‌ಸಾಮಿಯೂ ಅಷ್ಟಿಷ್ಟು ಓದಿದವನೇ, ಅವನೇ ತಂದೆಯಾಗಿ ಹೋಗಬಹುದಿತ್ತಲ್ಲ ಅಂತ ನೀವು ಕೇಳಬಹುದು. ತಮ್ಮನ ಹೆಂಡತಿಯ ಎದುರಿಗೆ ನಿಂತು ಮಾತಾಡುವುದಕ್ಕೇ ನಮ್ಮಲ್ಲಿ ಭಾವ ಹಿಂಜರಿಯುತ್ತಾನೆ. ಇನ್ನು ಗಂಡನೆಂದು ಪಕ್ಕದ ಕುರ್ಚಿಯಲ್ಲಿ ಕೂರುವುದುಂಟೇ? ಅವನು ಕಿವಿ ಮುಚ್ಚಿಕೊಂಡ. ಹಾಗಾಗಿ ಮಗುವಿಗೆ ತಾಯಿಯ ಜೊತೆಗೆ ತಂದೆಯೂ ಬದಲಾದ. ಸಾಂತಿಯನ್ನು ಮಮ್ಮಿ ಅನ್ನಬೇಕು, ದಂಡಪಾಣಿಯನ್ನು ಡ್ಯಾಡಿ ಅನ್ನಬೇಕು ಅಂತ ಸೌಡೇಶ್ವರಿಗೆ ಹೇಳಿಕೊಟ್ಟರು. ಅದಕ್ಕೆ ಅದೊಂದು ಆಟವಾಯಿತು.

ಸೆಲ್ಲಮ್ಮನನ್ನು ಬಿಟ್ಟು ಮಗು ಬಸ್ಸು ಹತ್ತದು. ದೊಡ್ಡಮ್ಮ ಅಂತ ಹೇಳಿಕೊಂಡು ಅವಳೂ ಜೊತೆಗೆ ಹೋಗುವುದೆಂದು ಮಾತಾಯಿತು. ಸ್ಕೂಲಿನಲ್ಲಿ ಅವಳು ಹೆಡ್‌ಮಿಸ್ಟ್ರೆಸ್ ಕೋಣೆಯ ಬಾಗಿಲಾಚೆ ನಿಂತಳು. ಒಳಗೆ ಎಲ್ಲ ಸುಸೂತ್ರವಾಗಿ ನಡೆಯಿತು. ಸಾಂತಿ ಇಂಗ್ಲಿಷಿನಲ್ಲಿ ಮಾತಾಡಿದಳು, ಮಗು ಎಬಿಸಿಡಿ ಹಾಡಿತು. ಹೆಡ್‌ಮಿಸ್ಟ್ರೆಸ್ ಖುಷಿಯಾಗಿ, ಮಗುವಿನ ಗಲ್ಲ ಹಿಡಿದು, ಸುಮ್ಮನೆ ಮಾತಿಗೆ ತಮಿಳಿನಲ್ಲಿ ಕೇಳಿದರು: “ಉಂಗ ಅಮ್ಮಾ ಎಂಗೇಮ್ಮಾ?”

ಅಮ್ಮ ಎಲ್ಲಿ ಅಂದರೆ ಆ ಮಗು ಏನು ಹೇಳಬೇಕು? “ಅಮ್ಮ ಸೋಮನೂರಲ್ಲಿ ಅವ್ಳೆ. ಕಂಡಿಕೆ ಸುತ್ತಾವ್ಳೆ,” ಅಂತ ಕನ್ನಡದಲ್ಲಿ ಶುರುಮಾಡಿ ಅದನ್ನೇ ತಮಿಳಿನಲ್ಲೂ ಹೇಳಿತು.

ಮಮ್ಮಿ ಅನ್ನುವುದನ್ನು ಕಲಿಸಿದ್ದರೇ ಹೊರತು ಅಮ್ಮ ಅನ್ನುವುದನ್ನು ಮರೆಸಲು ಯಾರಿಗೂ ಹೊಳೆದಿರಲಿಲ್ಲ. ಸಾಂತಿ ಗಂಡನ ಕಡೆ ತಿರುಗಿದಳು. ದಂಡಪಾಣಿ ಕರವಸ್ತ್ರ ತೆಗೆದ. ಹೆಡ್‌ಮಿಸ್ಟ್ರೆಸ್ ಕನ್ನಡಕದ ಮೇಲಿನಿಂದ ಇಬ್ಬರನ್ನೂ ನೋಡಿದರು. ಸೀಟು ಇನ್ನೇನು ಕೈತಪ್ಪುತ್ತದೆ ಅನ್ನುವಾಗ ಸೆಲ್ಲಮ್ಮ ಕರೆಯದೆಯೇ ಒಳಗೆ ಬಂದಳು. ಅಜ್ಜಿಯನ್ನು ಅಮ್ಮ ಅಂತ ಕರೆದು ರೂಢಿ ಇದಕ್ಕೆ, ತಾಯಿಯನ್ನು ಮಮ್ಮಿ ಅನ್ನುತ್ತದೆ ಅಂತ ತಮಿಳಿನಲ್ಲಿ ಹೇಳಿದಳು.

“ನೀ ಯಾರು?” ಅಂದರು ಹೆಡ್‌ಮಿಸ್ಟ್ರೆಸ್.

ದೊಡ್ಡಮ್ಮ ಅನ್ನಬೇಕಿತ್ತು. ಆದರೆ ಅವರ ಕಣ್ಣು ತನ್ನ ಬರಿಗಾಲಿನ ಮೇಲೆ, ನೂಲಿನ ಎಳೆ ಅಂಟಿದ್ದ ತಲೆಗೂದಲ ಮೇಲೆ ಓಡಾಡಿದ್ದನ್ನು ಸೆಲ್ಲಮ್ಮ ನೋಡಿದಳು. ಇಂಥವಳು ದೊಡ್ಡಮ್ಮ ಅಂದರೆ ಮನೆತನವೇ ಇಂಥದ್ದು ಅಂದುಕೊಂಡಾರು ಅನ್ನಿಸಿತಂತೆ.

“ನಾ ಇವ್ರ ಮನೆ ಆಯಾಂಗ,” ಅಂದಳು.

ಹೆಡ್‌ಮಿಸ್ಟ್ರೆಸ್ ಮುಖ ಸಡಿಲವಾಯಿತು. ಇವಳನ್ನು ಏನಂತ ಕರೆಯುತ್ತೀಯ ಅಂತ ಮಗುವನ್ನು ಕೇಳಿದರು. ಅಕ್ಕ ಅಂತ, ಅಂದಿತು ಮಗು. ಅವರು ನಕ್ಕು ಇಂಗ್ಲಿಷಿನಲ್ಲಿ ದಂಡಪಾಣಿಗೆ ಏನೋ ಹೇಳಿ, ಸೀಟು ಕೊಟ್ಟೆವು ಅಂದರು. ಏನು ಹೇಳಿದರೆಂದು ಅವನು ಬಸ್ಸಿನಲ್ಲಿ ತಿಳಿಸಿದ: ಆಳನ್ನೂ ಅಕ್ಕ ಅಂತ ಕರೆಯಲು ಕಲಿಸಿದ್ದೀರಿ, ಎಷ್ಟು ಒಳ್ಳೆಯ ಸಂಸ್ಕಾರ ನಿಮ್ಮದು.

ಆ ಸಂಜೆ ಸೆಲ್ಲಮ್ಮ ಬೀದಿಗೆಲ್ಲ ಪಾಯಸ ಹಂಚಿದಳು. ನನ್ನ ಪಾಲಿನದನ್ನು ನಾನು ಹಾಗೇ ಮುಚ್ಚಿಟ್ಟೆ.

ಜೂನ್‌ನಿಂದ ಅವಳು ದಿನಾ ಮಧ್ಯಾಹ್ನ ಟಿಫನ್ ಕ್ಯಾರಿಯರ್ ಹಿಡಿದು ಬಸ್ಸಿನಲ್ಲಿ ಹೋಗುತ್ತಿದ್ದಳು. ಅನುಕೂಲವಂತರ ಮಕ್ಕಳಿಗೆ ಬಿಸಿ ಊಟ ತರುವ ಆಯಾಗಳು ಗೇಟಿನ ಹೊರಗೆ ಹುಣಸೆಮರದ ಕೆಳಗೆ ಕೂತಿರುತ್ತಿದ್ದರು. ಇವಳೂ ಅವರ ಸಾಲಿನಲ್ಲಿ ಕೂತಳು. ನಿನಗೆ ತಿಂಗಳಿಗೆ ಎಷ್ಟು ಕೊಡುತ್ತಾರೆ ಅಂತ ಅವರು ಕೇಳಿದರೆ ಊಟ ಬಟ್ಟೆ ಕೊಡುತ್ತಾರೆ ಅನ್ನುವಳು. ಗಂಟೆ ಹೊಡೆದ ಮೇಲೆ ಮಗು ಓಡಿಬಂದು ಅವಳ ಮಡಿಲಲ್ಲಿ ಕೂತು ತಿನ್ನುತ್ತಿತ್ತು, ಅದೇ ಅವಳಿಗೆ ಸಾಕಾಗಿತ್ತು. ರಿಪೋರ್ಟ್ ಕಾರ್ಡು ಕೊಡುವ ದಿನ ಸಾಂತಿ ಒಳಗೆ ಹೋಗುವಳು, ಇವಳು ಮರದಡಿ. “ಇಂಗ್ಲೀಸ್‌ನಾಗೆ ಏನೋ ಪದ್ಯ ಯೋಳ್ತಾಳೆ ಕಣೆ, ಒಂದೂ ತೆಳ್ಯಾಕಿಲ್ಲ,” ಅಂತ ನನ್ನ ಹತ್ತಿರ ಹೇಳುವಾಗ ಅವಳ ಕಣ್ಣು ಹೊಳೆಯುತ್ತಿತ್ತು. ಸಾಂತಿಗೆ ಮಾತ್ರ ಅದು ಎಂದೂ ಒಗ್ಗಲಿಲ್ಲ. ಸ್ಕೂಲಿಂದ ಬಂದ ದಿನ ಅವಳು ಅಕ್ಕನ ಮುಖ ನೋಡದೆ ಒಳಗೆ ಹೋಗಿಬಿಡುವಳು.

ಮಳೆ ನಿಂತು ಬಿಸಿಲು ಬಿದ್ದಿದ್ದ ಒಂದು ಮಧ್ಯಾಹ್ನ ಸೆಲ್ಲಮ್ಮ ಹೋಗುವಾಗಲೇ ಗೇಟಿನ ಹತ್ತಿರ ಟೀಚರೊಬ್ಬರು ನಿಂತಿದ್ದರು. ಸೌಡೇಶ್ವರಿಯ ಆಯಾ ಯಾರು ಅಂದರು. ಮಗು ಜಾರುಬಂಡೆಯಿಂದ ಬಿದ್ದಿದೆ, ಮುಂಗೈ ಮುರಿದಂತಿದೆ, ಮೂಳೆ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಬೇಕು. ಒಳಗಿನಿಂದ ಅಳು ಕೇಳುತ್ತಿತ್ತು. ಅಕ್ಕಾ, ಅಕ್ಕಾ ಅಂತ ಒಂದೇ ಸಮನೆ.

“ನನ್ನೇ ಕೂಗ್ತಾ ಅವ್ಳೆ, ಬುಡ್ರಿ,” ಅಂತ ಸೆಲ್ಲಮ್ಮ ತನ್ನ ಮಾತಿನಲ್ಲೇ ಅಂದು, ಆಮೇಲೆ ತಮಿಳಿನಲ್ಲಿ ಬೇಡಿದಳು. ಟೀಚರು ಒಳ್ಳೆಯವರೇ, ಅವರಿಗೂ ಗಾಬರಿ. ನೀನು ಬಂದು ಏನು ಮಾಡುತ್ತೀಯ, ಅರಿವಳಿಕೆ ಕೊಡಬೇಕಾದರೆ ತಾಯಿಯೋ ತಂದೆಯೋ ಬಂದು ಒಪ್ಪಬೇಕು ಅನ್ನುತ್ತಾರೆ ಡಾಕ್ಟರು, ಬೇಗ ಹೋಗಿ ಅವರಮ್ಮನನ್ನು ಕರೆದುಕೊಂಡು ಬಾ ಅಂದರು. ಒಂದು ಸಲ ನೋಡಿಕೊಂಡು ಹೋಗುತ್ತೇನೆ ಅಂದಳು ಇವಳು. ನೀನು ಇಲ್ಲಿ ನಿಂತಷ್ಟೂ ಹೊತ್ತು ಮಗು ನರಳುತ್ತದೆ, ಹೋಗು ಅಂದರು.

ನಾನೇ ತಾಯಿ ಅಂದಿದ್ದರೆ ಮುಗಿಯುತ್ತಿತ್ತು. ಗೇಟು ತೆರೆಯುತ್ತಿತ್ತು. ಮಾರನೇ ದಿನ ಸೀಟು ಹೋಗುತ್ತಿತ್ತು. “ಬಾಯಿಗೆ ಬಂದಿತ್ತು ಕಣೆ, ನುಂಗ್ಬುಟ್ಟೆ,” ಅಂದಳು ನನ್ನ ಹತ್ತಿರ.

ನಾನು ಕಂಡದ್ದು ಇಷ್ಟು. ಜಗಲಿಯ ಮೇಲೆ ಕೂತು ಅಕ್ಕಿ ಆರಿಸುತ್ತಿದ್ದೆ. ಬಸ್ ನಿಲ್ದಾಣದ ಕಡೆಯಿಂದ ಸೆಲ್ಲಮ್ಮ ಓಡಿಬರುತ್ತಿದ್ದಳು, ಸೆರಗು ನೆಲಕ್ಕೆ ಬಿದ್ದಿತ್ತು, ಊಟದ ಕ್ಯಾರಿಯರ್ ಕೈಯಲ್ಲಿ ಹಾಗೇ ಇತ್ತು. ಸದ್ದು ಕೇಳಿ ಸಾಂತಿ ಬಾಗಿಲಿಗೆ ಬಂದಳು. ಬೀದಿಯಲ್ಲಿ ಹೊರಗಿನವರು ಯಾರೂ ಇರಲಿಲ್ಲ. ಅಲ್ಲಿ ಯಾರಿಗೂ ಏನನ್ನೂ ಮುಚ್ಚಿಡಬೇಕಾಗಿರಲಿಲ್ಲ.

“ಸಾಂತಿ, ಬಾರೆ, ಬೇಗ ಬಾ,” ಅಂದಳು ಸೆಲ್ಲಮ್ಮ ಏದುಸಿರು ಬಿಡುತ್ತ. “ನಿನ್ ಮಗು ಬಿದ್ಬುಟ್ಟದೆ.”