ಜೋಮು ಹಿಡಿದ ಕಾಲಿನ ಸಲಾಮು

ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತು ಪತ್ರಿಕೆ ಓದುವ ಸುಖಕ್ಕೆ ಒಂದೇ ಕೊರತೆ: ಏಳಬೇಕೆಂದಾಗ ಓದುಗನ ಕಾಲು ಅವನದಾಗಿರುವುದಿಲ್ಲ. ಇಂದು ಬೆಳಿಗ್ಗೆ ನನ್ನ ಎಡಗಾಲು ಹೀಗೆಯೇ ನನ್ನೊಡನೆ ಸಂಬಂಧ ಕಡಿದುಕೊಂಡಿತು. ಚಿವುಟಿ ನೋಡಿದೆ, ಬೇರೆ ಯಾರದೋ ಕಾಲನ್ನು ಚಿವುಟಿದಂತಾಯಿತು. ಆಮೇಲೆ ಶುರುವಾಯಿತು ಇರುವೆಗಳ ಮೆರವಣಿಗೆ. ನಿಮಗೂ ಆಗಿರುತ್ತದೆ, ನಾಚಿಕೊಳ್ಳಬೇಡಿ.

ಬಹಳ ವರ್ಷ ಮಕ್ಕಳಿಗೆ ಶರೀರಶಾಸ್ತ್ರ ಹೇಳಿಕೊಟ್ಟವನಾದ್ದರಿಂದ ಕಾರಣವನ್ನು ಬಲ್ಲೆ. ನರದ ಸಂದೇಶ ತಂತಿಯೊಳಗಿನ ವಿದ್ಯುತ್ತಿನಂತೆ ಹರಿಯುವುದಿಲ್ಲ. ನರದೆಳೆಯ ತೆಳುಪೊರೆಯಲ್ಲಿ ಲವಣದ ಕಣಗಳು ಒಳಹೊರಗೆ ಸರಿದಾಡಿ, ಒಂದೆಡೆ ಎದ್ದ ಸಂಚಲನ ಪಕ್ಕದ ಎಡೆಯನ್ನು ಎಬ್ಬಿಸುತ್ತದೆ, ಅದು ಮುಂದಿನದನ್ನು. ಲಿಂಗಸುಗೂರಿನ ಟಪಾಲಿನವನು ಮಸ್ಕಿಯವನ ಕೈಗೆ ಚೀಲ ಕೊಟ್ಟು, ಅವನು ಸಿಂಧನೂರಿನತ್ತ ಓಡಿದ ಹಾಗೆ. ಕಾಲ ಮೇಲೆ ಕಾಲು ಹೇರಿ ಕುಳಿತರೆ ನರ ಒತ್ತಿಹೋಗಿ, ಅದಕ್ಕೆ ಸಿಗುವ ರಕ್ತವೂ ತಗ್ಗಿ, ಟಪಾಲು ದಾರಿಯಲ್ಲೇ ನಿಲ್ಲುತ್ತದೆ. ಭಾರ ಇಳಿದೊಡನೆ ಶಿಸ್ತಿಲ್ಲದೆ ಸುದ್ದಿಗಳೆಲ್ಲ ನುಗ್ಗುತ್ತವೆ. ಇರುವೆಗಳೆಂದರೆ ಅವೇ.

ನಿಜಾಮರ ಆಳ್ವಿಕೆಯಲ್ಲಿ, ನನ್ನ ಇಪ್ಪತ್ತರ ವಯಸ್ಸಿನಲ್ಲಿ, ನನಗೆ ಇದೊಂದೂ ಗೊತ್ತಿರಲಿಲ್ಲ. ಮಸ್ಕಿಯ ಶಾಲೆಗೆ ಮಾಸ್ತರೊಬ್ಬರು ಬೇಕಾಗಿದ್ದರು. ಸಿಂಧನೂರಿನ ಸೋದರಮಾವ, ಸರ್ಕಾರಿ ನೌಕರಿಯ ಹುಕುಂ ಹಿಡಿದು ಬಂದರಷ್ಟೇ ಮಗಳನ್ನು ಕೊಡುವುದಾಗಿ ಹೇಳಿಬಿಟ್ಟಿದ್ದರು. ಇನ್ನೊಬ್ಬ ವರ ಆಗಲೇ ಬಂದು ನೋಡಿಹೋಗಿದ್ದ. ನನಗೋ ಅವಳನ್ನು ಬಿಟ್ಟರೆ ಬೇರೆ ಯಾರೂ ಬೇಡವಾಗಿತ್ತು.

ಶಾಲೆಗಳ ಮೇಲಧಿಕಾರಿ ಸಾಹೇಬರು ಲಿಂಗಸುಗೂರಿನಲ್ಲಿ ಮುಕ್ಕಾಂ ಮಾಡಿದ್ದರು. ಉಮೇದುವಾರರೆಲ್ಲ ಬೆಳಗಿನಿಂದ ಜಮಖಾನೆಯ ಮೇಲೆ ಕುಳಿತಿದ್ದೆವು. ಸಾಹೇಬರ ಕಡೆಗೆ ಕಾಲು ಚಾಚುವುದು ಬೇಅದಬಿ, ಅಂದರೆ ಅಗೌರವ; ಆದ್ದರಿಂದ ಮಧ್ಯಾಹ್ನದವರೆಗೂ ಮಡಿಸಿದ ಕಾಲು ಮಡಿಸಿದಂತೆಯೇ ಇತ್ತು. ಹೆಸರು ಕೂಗಿದಾಗ ಎದ್ದೆ. ಎಡಗಾಲು ಏಳಲಿಲ್ಲ. ಮುಂದಕ್ಕೆ ಬಾಗಿದೆ, ನೆಲಕ್ಕೆ ಊರಲು ಹೋದ ಕೈಯನ್ನು ಸಲಾಮಿನ ನೆನಪಾಗಿ ಹಣೆಗೆ ತಂದೆ, ಮತ್ತೆ ವಾಲಿದೆ, ಮತ್ತೆ ಎತ್ತಿದೆ. ಹೈದರಾಬಾದಿನ ದರ್ಬಾರಿನಲ್ಲಿ ಹೀಗೆಯೇ ಸೊಂಟ ಬಗ್ಗಿಸಿ, ಕೈಯನ್ನು ಕೆಳಗಿನಿಂದ ಹಣೆಗೆತ್ತಿ ಏಳು ಸಲ ಸಲಾಮು ಮಾಡುತ್ತಿದ್ದರಂತೆ. ನಾನು ಐದನೆಯದಕ್ಕೆ ಬಂದಾಗ ಸಾಹೇಬರು ಲೇಖನಿ ಕೆಳಗಿಟ್ಟರು.

"ಈ ದರ್ಬಾರಿ ಸಲಾಮು ಎಲ್ಲಿ ಕಲ್ತಿ? ಯಾವ ಖಾನ್ದಾನದವ ನೀ?"

"ಕಾಲು ಜೋಮು ಹಿಡದೈತ್ರಿ, ಸಾಹೇಬ್ರ."

ಕೆಂಡ ತಾಗಿದ ಕೈ ಮೆದುಳಿನ ಅಪ್ಪಣೆಗೆ ಕಾಯದೆ ಬೆನ್ನುಹುರಿಯ ಆಜ್ಞೆಯಲ್ಲೇ ಹಿಂದೆ ಸರಿಯುತ್ತದೆ. ನನ್ನ ನಾಲಗೆಯೂ ಅಂದು ಹಾಗೆಯೇ ನಡೆದುಕೊಂಡಿತ್ತು. ಶಾಸ್ತ್ರ ಇದನ್ನು ಒಪ್ಪುವುದಿಲ್ಲ, ಗೊತ್ತು. ಹುಕುಂ ಹೋಯಿತು, ಅವಳೂ ಹೋದಳು ಎಂದುಕೊಂಡೆ.

ಸಾಹೇಬರು ಮೀಸೆಯೊಳಗೇ ನಕ್ಕರು. "ಸುಳ್ಳು ಹೇಳಾಕ ನಿನಗ ಫುರಸತ್ತ ಸಿಗಲಿಲ್ಲ. ಇಂಥವನೇ ಇರ್ಲಿ ಮಕ್ಕಳಿಗೆ. ಕುಂಡ್ರು, ಮೊದಲು ಕಾಲು ಬರ್ಲಿ."

ಇರುವೆಗಳು ಇಳಿಯುವಷ್ಟರಲ್ಲಿ ಹುಕುಂ ಸಿದ್ಧವಾಗಿತ್ತು.

ನನ್ನ ಹೆಂಡತಿ ಇದನ್ನು ನನ್ನ ಪ್ರಾಮಾಣಿಕತೆಯ ಕಥೆಯಾಗಿ ಮೊಮ್ಮಕ್ಕಳಿಗೆ ಹೇಳುತ್ತಾಳೆ. ನಾನು ತಲೆ ತಗ್ಗಿಸಿ ಕೇಳುತ್ತೇನೆ. ಪ್ರಶ್ನೆಗೂ ಉತ್ತರಕ್ಕೂ ನಡುವೆ ಒಂದು ಎವೆಯಿಕ್ಕುವಷ್ಟು ಬಿಡುವು ಸಿಕ್ಕಿದ್ದರೆ ದರ್ಬಾರಿನಲ್ಲಿ ಚಾಕರಿ ಮಾಡಿದ ಅಜ್ಜನೊಬ್ಬನನ್ನು ಹುಟ್ಟಿಸಿಬಿಡುತ್ತಿದ್ದೆ. ಅದನ್ನು ಅವಳಿಗೆ ಇನ್ನೂ ಹೇಳಿಲ್ಲ. ಹೇಳಲು ಈಗ ಬೇಕಾದಷ್ಟು ಹೊತ್ತಿದೆ, ಅದೇ ತೊಂದರೆ.